ಗೇಮಿನ ಮೇಲಿನ ವಯಸ್ಸು, ಸರ್ಕಾರದ ಕತ್ತರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆ ಊಟದ ಪಂಕ್ತಿಯಲ್ಲಿ, ಶಾಲೆಯ ಪೋಷಕರ ಸಭೆ ಮುಗಿದ ಮೇಲೆ ಗೇಟಿನ ಹತ್ತಿರ, ಬರುವ ಪತ್ರಗಳಲ್ಲಿ, ಎಲ್ಲ ಕಡೆಯೂ ಇವೇ ಪ್ರಶ್ನೆಗಳು ತಿರುಗಿ ತಿರುಗಿ ಬರುತ್ತವೆ. ಕೇಳಿದವರ ಮಾತನ್ನು ತಿದ್ದಲು ಹೋಗಿಲ್ಲ. ಸುಲಭದವು ಮೊದಲು, ಕಗ್ಗಂಟಿನವು ಕೊನೆಗೆ.

## ಮೊದಲ ಪಾಠ

ಡಬ್ಬಿ ಮೇಲೆ 16, 18 ಅಂತ ಇರುತ್ತಲ್ಲ, ಆಟ ಎಷ್ಟು ಕಷ್ಟ ಅಂತ ಹೇಳೋದಾ ಅದು?

ಕಷ್ಟಕ್ಕೂ ಅದಕ್ಕೂ ಸಂಬಂಧವಿಲ್ಲ. ಚೆಸ್ ಆಡಲು ಜೀವಮಾನ ಸಾಲದು, ಆದರೂ ಅದಕ್ಕೆ 3 ಎಂದೇ ಬೀಳುತ್ತದೆ. ಪರದೆಯ ಮೇಲೆ ಕಾಣುವುದು, ಕೇಳುವುದು ಎಷ್ಟು ವಯಸ್ಸಿನವರಿಗೆ ಸರಿ ಎಂಬುದಷ್ಟೇ ಆ ಅಂಕಿಯ ಅರ್ಥ. ನಮ್ಮಲ್ಲಿ ಮಾರುವ ಪ್ಲೇಸ್ಟೇಷನ್ ಡಿಸ್ಕುಗಳ ಮೇಲೆ ಹೆಚ್ಚಾಗಿ ಕಾಣುವುದು ಯುರೋಪಿನ ‘ಪೆಗಿ’ ಗುರುತು. 2003ರಲ್ಲಿ ಶುರುವಾದ ಈ ಪದ್ಧತಿಯಲ್ಲಿ 3, 7, 12, 16, 18 ಎಂದು ಐದು ಮೆಟ್ಟಿಲು. ಡಬ್ಬಿ ತಿರುಗಿಸಿದರೆ ಹಿಂದೆ ಸಣ್ಣ ಚಿತ್ರಗಳಿರುತ್ತವೆ: ಮುಷ್ಟಿ ಇದ್ದರೆ ಹಿಂಸೆ, ಜೇಡ ಇದ್ದರೆ ಭಯ, ದಾಳ ಇದ್ದರೆ ಜೂಜು. ಅಂಕಿಗಿಂತ ಈ ಚಿತ್ರಗಳೇ ಹೆಚ್ಚು ಉಪಯೋಗಕ್ಕೆ ಬರುತ್ತವೆ. ಭಯದಿಂದ 12 ಆದ ಆಟಕ್ಕೂ ಬೈಗುಳದಿಂದ 12 ಆದ ಆಟಕ್ಕೂ ನಿಮ್ಮ ಮನೆಯಲ್ಲಿ ಒಂದೇ ಉತ್ತರ ಇರಬೇಕಿಲ್ಲ.

ಕೆಲವು ಆಟಕ್ಕೆ ಅಂಕಿ ಇಲ್ಲ, ಬರೀ ‘ಎಂ’ ಅಂತ ಅಕ್ಷರ ಇದೆ. ಅದೇನು?

ಅದು ಅಮೆರಿಕದ ಇ.ಎಸ್.ಆರ್.ಬಿ. ಎಂಬ ರೇಟಿಂಗ್ ಮಂಡಳಿಯ ಗುರುತು. ‘ಇ’ ಎಲ್ಲರಿಗೂ, ‘ಟಿ’ 13 ದಾಟಿದವರಿಗೆ, ‘ಎಂ’ 17 ದಾಟಿದವರಿಗೆ, ‘ಎ.ಓ.’ ದೊಡ್ಡವರಿಗೆ ಮಾತ್ರ. ನಾವು ಹೈಸ್ಕೂಲಿನಲ್ಲಿದ್ದಾಗ ಸೈಬರ್ ಸೆಂಟರಿನ ಕಳ್ಳ ಸಿ.ಡಿ.ಗಳ ಜೆರಾಕ್ಸ್ ಕವರಿನಲ್ಲೂ ಈ ‘ಎಂ’ ಇರುತ್ತಿತ್ತು. ‘ಮಿಷನ್’ ಇರುವ ಆಟ ಎಂದುಕೊಂಡು ಅದನ್ನೇ ಆರಿಸಿ ತರುತ್ತಿದ್ದೆವು.

ಸಿನಿಮಾಗೆ ಸೆನ್ಸಾರ್ ಇದೆ. ಗೇಮಿಗೂ ಇರಲೇಬೇಕಲ್ಲ ಸರ್, ಯಾವ ಆಫೀಸು ಅದು?

ಅಂಥ ಆಫೀಸೇ ಇಲ್ಲ. ಸಿನಿಮಾಕ್ಕೆ 1952ರ ಸಿನಿಮಾಟೋಗ್ರಾಫ್ ಕಾಯ್ದೆ ಇದೆ, ಪ್ರಮಾಣಪತ್ರ ಕೊಡಲು ಮಂಡಳಿ ಇದೆ. 2023ರ ತಿದ್ದುಪಡಿ ಯು/ಎ ಪ್ರಮಾಣಪತ್ರವನ್ನೇ 7+, 13+, 16+ ಎಂದು ಮೂರಾಗಿ ಒಡೆಯಿತು. ಓಟಿಟಿ ಸರಣಿಗಳಿಗೂ 2021ರ ಐ.ಟಿ. ನಿಯಮಗಳಲ್ಲಿ ಇಂಥದೇ ವಿಂಗಡಣೆ ಇದೆ. ವಿಡಿಯೋ ಗೇಮಿಗೆ ವಯಸ್ಸು ನಿಗದಿ ಮಾಡಿ ಮುದ್ರೆ ಒತ್ತುವ ಸರ್ಕಾರಿ ಮಂಡಳಿ ಮಾತ್ರ ಭಾರತದಲ್ಲಿಲ್ಲ. ನಾವು ನೋಡುವ ಅಂಕಿಗಳೆಲ್ಲ ಬ್ರಸೆಲ್ಸಿನದೋ ನ್ಯೂಯಾರ್ಕಿನದೋ ಇಲ್ಲವೇ ಆ್ಯಪ್ ಅಂಗಡಿಯದೋ ಆಗಿರುತ್ತವೆ.

ಹಾಗೆಂದು ಸರ್ಕಾರ ಸುಮ್ಮನೆ ಕೂತಿದೆ ಎನ್ನುವಂತಿಲ್ಲ. ವಯಸ್ಸು ಬರೆಯುವ ಕೈ ಇಲ್ಲದ ನಮ್ಮಲ್ಲಿ ಆಟವನ್ನೇ ಮುಚ್ಚಿಸುವ ಕೈ ಇದೆ. ಈ ಎರಡನ್ನೂ ಒಂದೇ ಎಂದುಕೊಳ್ಳುವುದರಿಂದಲೇ ಮುಂದಿನ ಅರ್ಧ ಪ್ರಶ್ನೆಗಳು ಹುಟ್ಟಿವೆ.

ಹಾಗಾದ್ರೆ ಪ್ಲೇ ಸ್ಟೋರಲ್ಲಿ 12+ ಅಂತ ಬರೆಯೋರು ಯಾರು?

ಬಹುಮಟ್ಟಿಗೆ ಆಟ ಮಾಡಿದವರೇ. ಐ.ಎ.ಆರ್.ಸಿ. ಎಂಬ ಅಂತಾರಾಷ್ಟ್ರೀಯ ಒಕ್ಕೂಟದ ಪ್ರಶ್ನಾವಳಿ ಇದೆ. ಗೂಗಲ್ 2015ರಲ್ಲಿ ಅದನ್ನು ಒಪ್ಪಿಕೊಂಡಿತು. ರಕ್ತ ಕಾಣುತ್ತದೆಯೇ, ಸತ್ತವರ ದೇಹ ಉಳಿಯುತ್ತದೆಯೇ, ಬಾಜಿ ಕಟ್ಟುವುದಿದೆಯೇ ಎಂದೆಲ್ಲ ಕೇಳುತ್ತಾರೆ. ಉತ್ತರ ತುಂಬಿದ ಕೂಡಲೇ ಅಮೆರಿಕಕ್ಕೊಂದು, ಯುರೋಪಿಗೊಂದು, ಜರ್ಮನಿಗೊಂದು, ಆಸ್ಟ್ರೇಲಿಯಾಕ್ಕೊಂದು ಗುರುತು ತಾನಾಗಿ ಬರುತ್ತದೆ. ಸ್ವಂತ ಮಂಡಳಿ ಇಲ್ಲದ ನಮ್ಮಂಥ ದೇಶಗಳಿಗೆ ಸಾಮಾನ್ಯ ಅಂಕಿ. ಸುಳ್ಳು ಬರೆದವರನ್ನು ಆಮೇಲೆ ಹಿಡಿದು ತಿದ್ದಿಸುವ ವ್ಯವಸ್ಥೆಯೂ ಇದೆ. ಆದರೆ ಪ್ರತಿ ಆಟವನ್ನೂ ಯಾರೋ ಕೂತು ಆಡಿ ನೋಡಿರುತ್ತಾರೆ ಎಂದು ನಂಬಿಕೊಳ್ಳಬೇಡಿ. ಆ್ಯಪಲ್ ತನ್ನದೇ ಲೆಕ್ಕ ಇಟ್ಟುಕೊಂಡಿದೆ.

ಮಗನಿಗೆ ಹನ್ನೊಂದು. 18ರ ಆಟ ಕೊಡಿಸಿದ್ರೆ ನನ್ನ ಮೇಲೆ ಕೇಸ್ ಆಗುತ್ತಾ?

ಇಲ್ಲಿ ಆಗುವುದಿಲ್ಲ. ಬ್ರಿಟನ್ನಿನಲ್ಲಿ 2012ರಿಂದ ಪೆಗಿಯ 12, 16, 18ಕ್ಕೆ ಕಾನೂನಿನ ಬಲವಿದೆ, ಆದರೆ ಅಲ್ಲಿಯೂ ಸಿಕ್ಕಿಬೀಳುವುದು ಚಿಕ್ಕವರಿಗೆ ಮಾರಿದ ಅಂಗಡಿಯವನು. ಕೇಸಿನ ಭಯ ಬಿಡಿ, ಕೊಡಿಸುವ ಮೊದಲು ಅರ್ಧ ಗಂಟೆ ನೀವೇ ಆಡಿ, ಇಲ್ಲವೇ ಯಾರಾದರೂ ಆಡಿದ ವಿಡಿಯೋ ನೋಡಿ. ಹನ್ನೊಂದರ ಹುಡುಗನ ಪಕ್ಕ ಕೂತು ನೋಡಲು ನಿಮಗೇ ಮುಜುಗರವಾದರೆ ಉತ್ತರ ಸಿಕ್ಕಿತಲ್ಲ.

ಆಟ 12+ ಅಂತಲೇ ಇತ್ತು ಮೇಡಂ, ಆದ್ರೂ ಹೆಡ್‌ಫೋನಲ್ಲಿ ಯಾರೋ ಹೊಲಸು ಹೊಲಸಾಗಿ ಬೈತಿದ್ದ. ರೇಟಿಂಗ್ ಸುಳ್ಳಾ?

ರೇಟಿಂಗ್ ಆಟದ್ದು, ಆಡಲು ಬಂದವರದ್ದಲ್ಲ. ಆನ್‌ಲೈನ್ ಮಾತುಕತೆಗೆ ತನ್ನ ಅಂಕಿ ಅನ್ವಯಿಸುವುದಿಲ್ಲ ಎಂದು ಇ.ಎಸ್.ಆರ್.ಬಿ. ನೇರವಾಗಿಯೇ ಹೇಳುತ್ತದೆ. ರೋಬ್ಲಾಕ್ಸ್‌ನಂಥ ಕಡೆ ಇನ್ನೂ ತೊಡಕು, ಏಕೆಂದರೆ ಅಲ್ಲಿ ಆಟಗಳನ್ನು ಮಾಡುವವರೂ ಬಳಕೆದಾರರೇ. ಮಕ್ಕಳ ಸುರಕ್ಷತೆಯ ಕಾರಣ ಹೇಳಿ ಟರ್ಕಿ 2024ರ ಆಗಸ್ಟಿನಲ್ಲಿ ಅದನ್ನು ಇಡಿಯಾಗಿ ಮುಚ್ಚಿತು. ಅಷ್ಟು ದೂರ ಹೋಗಬೇಕಿಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ವಾಯ್ಸ್ ಚಾಟ್ ಆಫ್ ಮಾಡಿ, ಗೆಳೆಯರ ಪಟ್ಟಿಯಲ್ಲಿ ಇಲ್ಲದವರ ಮೆಸೇಜ್ ತಡೆಯಿರಿ.

ಗುಂಡು ಹಾರಿಸೋ ಆಟ ಆಡಿ ಆಡಿ ಮಕ್ಕಳು ನಿಜವಾಗ್ಲೂ ಕೈ ಎತ್ತೋಕೆ ಶುರು ಮಾಡ್ತಾರಾ?

ಅಮೆರಿಕದ ಮನಶ್ಶಾಸ್ತ್ರ ಸಂಘ 2020ರಲ್ಲಿ ತನ್ನ ಹಳೆಯ ನಿರ್ಣಯವನ್ನು ಪರಿಷ್ಕರಿಸಿತು. ಕಿರುಚುವುದು, ತಳ್ಳುವುದರಂಥ ಒರಟುತನಕ್ಕೂ ಹಿಂಸೆಯ ಆಟಗಳಿಗೂ ಸಣ್ಣ ನಂಟು ಕಾಣುತ್ತದೆ. ಆದರೆ ನಿಜವಾದ ಹಿಂಸಾಕೃತ್ಯಗಳಿಗೆ ಆಟವೇ ಕಾರಣ ಎನ್ನಲು ಸಾಕಷ್ಟು ಆಧಾರವಿಲ್ಲ ಎಂದಿತು. ಆಟ ಬಿಡಲಾಗದೆ ಊಟ, ನಿದ್ದೆ, ಓದು ಎಲ್ಲ ಕೆಡುವುದು ಬೇರೆ ವಿಷಯ. ಅದನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ ‘ಶಟ್’ ಕ್ಲಿನಿಕ್ ಇದೆ. ಅಲ್ಲಿ ಆಟದ ಡಬ್ಬಿಯ ಮೇಲೆ 18 ಇತ್ತೋ 3 ಇತ್ತೋ ಎನ್ನುವುದು ಮುಖ್ಯವಾಗುವುದಿಲ್ಲ; ಹಣ್ಣು ಕತ್ತರಿಸುವ ಆಟಕ್ಕೂ ಮನುಷ್ಯ ಅಂಟಿಕೊಳ್ಳಬಲ್ಲ.

## ನಮ್ಮಲ್ಲಿನ ನಿಷೇಧಗಳು

ಪಬ್‌ಜಿ ಬ್ಯಾನ್ ಮಾಡಿದ್ದು ಮಕ್ಕಳು ಹಾಳಾಗ್ತಾರೆ ಅಂತ ತಾನೆ?

ಎಲ್ಲರೂ ಹಾಗೇ ನೆನಪಿಟ್ಟುಕೊಂಡಿದ್ದಾರೆ. 2020ರ ಸೆಪ್ಟೆಂಬರ್ 2ರ ಆದೇಶದಲ್ಲಿ ಮಕ್ಕಳು ಕಾರಣವಾಗಿರಲಿಲ್ಲ. ಚೀನಾ ಗಡಿಯ ಗಾಲ್ವಾನ್ ಘರ್ಷಣೆಯ ನಂತರ, ಜೂನ್ ಕೊನೆಯಲ್ಲಿ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳು ಹೋದವು. ಸೆಪ್ಟೆಂಬರಿನಲ್ಲಿ ಪಬ್‌ಜಿ ಮೊಬೈಲ್ ಸೇರಿ 118 ಆ್ಯಪ್‌ಗಳು ಹೋದವು. ಬಳಸಿದ್ದು ಇಂಟರ್ನೆಟ್ಟಿನಲ್ಲಿರುವುದನ್ನು ತಡೆಯಲು ಕೇಂದ್ರಕ್ಕೆ ಅಧಿಕಾರ ಕೊಡುವ, ಐ.ಟಿ. ಕಾಯ್ದೆಯ 69ಎ ಕಲಮು. ಕೊಟ್ಟ ಕಾರಣ ದೇಶದ ಸಾರ್ವಭೌಮತೆ, ಭದ್ರತೆ. ಆಟ ಕೊರಿಯಾದ್ದಾದರೂ ಮೊಬೈಲ್ ಆವೃತ್ತಿಯ ಹಿಂದೆ ಇದ್ದದ್ದು ಚೀನಾದ ಟೆನ್ಸೆಂಟ್.

ಮಕ್ಕಳ ಕಾರಣಕ್ಕೆ ನಿಷೇಧಿಸಿದ್ದು ಅದಕ್ಕೂ ಮೊದಲು, ಗುಜರಾತಿನಲ್ಲಿ. 2019ರ ಮಾರ್ಚಿನಲ್ಲಿ ರಾಜಕೋಟೆಯ ಪೊಲೀಸರು ಆದೇಶ ಹೊರಡಿಸಿ, ಫೋನಿನಲ್ಲಿ ಪಬ್‌ಜಿ ಆಡುತ್ತಿದ್ದ ಕಾಲೇಜು ಹುಡುಗರನ್ನು ಹಿಡಿದೇ ಹಾಕಿದ್ದರು. ಆಟ ಮಾರಿದವರಿಗೆ ಏನೂ ಆಗಲಿಲ್ಲ, ಆಡಿದವರು ಠಾಣೆ ಮೆಟ್ಟಿಲು ಹತ್ತಿದರು. ವಯಸ್ಸಿನ ಮುದ್ರೆ ಎಂಬ ಹಗುರವಾದ ಸಾಧನ ಕೈಯಲ್ಲಿ ಇಲ್ಲದಿದ್ದಾಗ ಲಾಠಿಯೇ ಮೊದಲು ನೆನಪಾಗುತ್ತದೆ ಎಂಬುದಕ್ಕೆ ನಾನು ಕೊಡುವ ಉದಾಹರಣೆ ಇದು.

ಹೆಸರು ಬದಲಿಸಿಕೊಂಡು ವಾಪಸ್ ಬಂತಲ್ಲ, ಒಳಗೆ ಏನಾದ್ರೂ ಬದಲಾಗಿತ್ತಾ ಅಣ್ಣಾ?

ರಕ್ತ ಹಸಿರಾಯಿತು. 2021ರ ಜುಲೈನಲ್ಲಿ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಎಂದು ಬಂದಾಗ 18ರ ಒಳಗಿನವರಿಗೆ ದಿನಕ್ಕೆ 3 ಗಂಟೆ, 7,000 ರೂಪಾಯಿ ಖರ್ಚಿನ ಮಿತಿ, ಅಪ್ಪ–ಅಮ್ಮನ ಫೋನ್ ನಂಬರು ಎಲ್ಲ ಬಂದವು. ಇವನ್ನು ಹಾಕಿಕೊಂಡದ್ದು ಕಂಪನಿಯೇ. ಅಷ್ಟಾದರೂ 2022ರ ಜುಲೈನಲ್ಲಿ ಆಟ ಮತ್ತೆ ಅಂಗಡಿಯಿಂದ ಮಾಯವಾಯಿತು, 2023ರ ಮೇನಲ್ಲಿ ಷರತ್ತಿನ ಮೇಲೆ ಮರಳಿತು. ಇನ್ನು ದಿನಕ್ಕೆ 7,000 ರೂಪಾಯಿ ‘ಮಿತಿ’ ಎಂದು ಓದಿದಾಗ ನನಗೆ ನಗು ಬಂದಿತ್ತು. ಅಷ್ಟು ದುಡ್ಡು ತಿಂಗಳಿಗೆ ಕೈಗೆ ಸಿಗುವ ಹುಡುಗರೂ ನನಗೆ ಗೊತ್ತಿಲ್ಲ.

ಸರ, ಬ್ಲೂ ವೇಲ್ ಆಟಾನೂ ಬ್ಯಾನ್ ಮಾಡ್ಯಾರಂತಲ್ರೀ, ಮತ್ತ ಹುಡುಗ್ರ ಕೈಗೆ ಸಿಕ್ಕರ ಹೆಂಗ್ರೀ?

ಮಕ್ಕಳನ್ನು ಆತ್ಮಹತ್ಯೆಗೆ ದೂಡುತ್ತದೆ ಎಂದು ಸುದ್ದಿಯಾಗಿದ್ದ ಬ್ಲೂ ವೇಲ್ ಎಂಬ, ಡೌನ್‌ಲೋಡ್ ಮಾಡಿಕೊಳ್ಳುವಂಥ ಆ್ಯಪ್ ಇರಲೇ ಇಲ್ಲ. 2017ರ ಆಗಸ್ಟಿನಲ್ಲಿ ಕೇಂದ್ರದ ಐ.ಟಿ. ಇಲಾಖೆ ಅದರ ಲಿಂಕುಗಳನ್ನು ತೆಗೆಯಿರೆಂದು ಗೂಗಲ್, ಫೇಸ್‌ಬುಕ್ ಮುಂತಾದವರಿಗೆ ಬರೆಯಿತು. ತೆಗೆಯಲು ಆಟವೇ ಇಲ್ಲದ್ದರಿಂದ ಉಳಿದದ್ದು ಸುದ್ದಿ, ಭಯ. ಮಗು ಮಂಕಾಗಿದ್ದರೆ ಫೋನು ಹುಡುಕುವ ಮೊದಲು ಮಗುವನ್ನು ಮಾತಾಡಿಸಿ, ಬೇಕೆನಿಸಿದರೆ ವೈದ್ಯರಿಗೆ ತೋರಿಸಿ.

ರಮ್ಮಿಯನ್ನ ಕರ್ನಾಟಕ ನಿಷೇಧಿಸ್ತು, ಕೋರ್ಟು ಬಿಡಿಸ್ತು, ಈಗ ಮತ್ತೆ ಇಲ್ಲ ಅಂತಾರೆ. ತಲೆ ಕೆಟ್ಟು ಹೋಗಿದೆ, ಬಿಡಿಸಿ ಹೇಳಿ.

ಇದು ವಯಸ್ಸಿನ ಜಗಳವಲ್ಲ, ದುಡ್ಡಿನದು. ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ತಡೆಯಲು ರಾಜ್ಯ ಸರ್ಕಾರ ಕರ್ನಾಟಕ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು 2021ರ ಅಕ್ಟೋಬರಿನಲ್ಲಿ ಜಾರಿ ಮಾಡಿತು. 2022ರ ಫೆಬ್ರುವರಿ 14ರಂದು ನಮ್ಮ ಹೈಕೋರ್ಟು ಅದರ ಮುಖ್ಯ ಕಲಮುಗಳನ್ನು ರದ್ದು ಮಾಡಿತು. ಕೌಶಲದ ಆಟ ಬೇರೆ, ಅದೃಷ್ಟದ ಜೂಜು ಬೇರೆ. ಎರಡನ್ನೂ ಒಂದೇ ಗೋಣಿಗೆ ತುಂಬಬೇಡಿ ಎಂಬುದು ತೀರ್ಪಿನ ತಿರುಳು. ಅದೇ ದಿನವೇ ಫ್ರೀ ಫೈರ್ ಎಂಬ ಗುಂಡಿನ ಆಟ ಸೇರಿದಂತೆ 54 ಆ್ಯಪ್‌ಗಳನ್ನು ಕೇಂದ್ರ ಬಂದ್ ಮಾಡಿದ ಸುದ್ದಿಯೂ ಬಂತು, ಹಾಗಾಗಿ ಎರಡೂ ಒಂದೇ ಸಂಗತಿ ಎಂದು ತಿಳಿದವರು ಇವತ್ತಿಗೂ ಸಿಗುತ್ತಾರೆ.

ಆಮೇಲೆ ಸಂಸತ್ತು 2025ರ ಆಗಸ್ಟಿನಲ್ಲಿ ಹೊಸ ಕಾಯ್ದೆ ಮಾಡಿತು. ಅದು ಕೌಶಲ–ಅದೃಷ್ಟದ ಗೆರೆಯನ್ನೇ ಅಳಿಸಿದೆ. ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟ ಯಾವುದೇ ಇರಲಿ, ನಡೆಸುವವರಿಗೆ 3 ವರ್ಷದ ತನಕ ಜೈಲು, 1 ಕೋಟಿ ರೂಪಾಯಿ ತನಕ ದಂಡ. ಜಾಹೀರಾತು ಕೊಟ್ಟವರಿಗೆ 2 ವರ್ಷ, 50 ಲಕ್ಷ. ಆಡಿದವರಿಗೆ ಶಿಕ್ಷೆ ಇಲ್ಲ. ಇ–ಸ್ಪೋರ್ಟ್ಸ್ ಮತ್ತು ಮನರಂಜನೆಯ ಆಟಗಳಿಗೆ ಪ್ರೋತ್ಸಾಹ ಎಂದೂ ಅದರಲ್ಲೇ ಇದೆ. ಪ್ರಶ್ನಿಸಿ ಹಾಕಿದ ಅರ್ಜಿಗಳಲ್ಲಿ ಒಂದು ನಮ್ಮ ಹೈಕೋರ್ಟಿನಲ್ಲೇ ಶುರುವಾಗಿ, ಉಳಿದವುಗಳ ಜೊತೆ ಸುಪ್ರೀಂ ಕೋರ್ಟಿಗೆ ಹೋಯಿತು.

ಫಾಲೌಟ್ 3 ಇಂಡಿಯಾದಲ್ಲಿ ಬ್ಯಾನ್ ಆಗಿತ್ತಂತೆ, ಹಸುಗೆ ‘ಬ್ರಾಹ್ಮಿನ್’ ಅಂತ ಹೆಸರಿಟ್ಟಿದ್ದಕ್ಕೆ. ಹೌದಾ?

ಸರ್ಕಾರ ಅದನ್ನು ಮುಟ್ಟಲೂ ಇಲ್ಲ. 2008ರ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ ತಾನಾಗಿಯೇ, ಇಲ್ಲಿನ ಸಾಂಸ್ಕೃತಿಕ ಸೂಕ್ಷ್ಮಗಳ ಕಾರಣ ಹೇಳಿ, ಎಕ್ಸ್‌ಬಾಕ್ಸ್ ಆವೃತ್ತಿಯನ್ನು ಭಾರತಕ್ಕೆ ತರುವುದಿಲ್ಲ ಎಂದಿತು. ಎರಡು ತಲೆಯ ಹಸುಗಳ ಹೆಸರೇ ಕಾರಣ ಎಂಬುದು ಆಟಗಾರರ ಊಹೆ, ಕಂಪನಿ ಬಿಡಿಸಿ ಹೇಳಲಿಲ್ಲ. ಯಾರೂ ಗದರುವ ಮೊದಲೇ ಬಾಯಿ ಮುಚ್ಚಿಕೊಳ್ಳುವ ಇಂಥ ಕತ್ತರಿಯ ವಿರುದ್ಧ ಯಾವ ಕೋರ್ಟಿಗೂ ಹೋಗಲಾಗದು.

## ಹೊರದೇಶಗಳಲ್ಲಿ

ಅದೇ ಫಾಲೌಟ್‌ಗೆ ಆಸ್ಟ್ರೇಲಿಯಾದಲ್ಲೂ ತೊಂದ್ರೆ ಆಗಿತ್ತಂತಲ್ಲ? ನನ್ನ ತಮ್ಮ ಮೆಲ್ಬೋರ್ನಲ್ಲಿ ಇದ್ದಾನೆ, ಅಲ್ಲಿ ಎಲ್ಲಕ್ಕೂ ಬ್ಯಾನ್ ಅಂತಾನೆ.

ಆ ದೇಶದ ಕಥೆ ನನಗೆ ಬಹಳ ಇಷ್ಟ. ಅಲ್ಲಿ ರೇಟಿಂಗ್ ಕೊಡುವುದು ಸರ್ಕಾರದ್ದೇ ವರ್ಗೀಕರಣ ಮಂಡಳಿ. ವರ್ಗಕ್ಕೆ ಸೇರದಿದ್ದರೆ ಆ ಆಟವನ್ನು ಮಾರುವಂತಿಲ್ಲ, ಬಾಡಿಗೆಗೆ ಕೊಡುವಂತಿಲ್ಲ. ಸಿನಿಮಾಕ್ಕೆ 18+ ಇತ್ತು, ಆಟಗಳಿಗೆ ಮಾತ್ರ 15+ಗೇ ಏಣಿ ಮುಗಿಯುತ್ತಿತ್ತು. ಹಾಗಾಗಿ ದೊಡ್ಡವರಿಗೆಂದೇ ಮಾಡಿದ ಆಟಕ್ಕೆ ಕೂರಲು ಮಣೆಯೇ ಇರಲಿಲ್ಲ, ತಿರಸ್ಕಾರವೊಂದೇ ದಾರಿ. 2008ರಲ್ಲಿ ಫಾಲೌಟ್ 3 ತಿರಸ್ಕೃತವಾದದ್ದು ಮಾರ್ಫಿನ್ ಚುಚ್ಚಿಕೊಳ್ಳುವುದನ್ನು ತೋರಿಸಿದ್ದಕ್ಕೆ. ಕಂಪನಿ ಅದರ ಹೆಸರನ್ನು ‘ಮೆಡ್‌ಎಕ್ಸ್’ ಎಂದು ಬದಲಿಸಿತು, ಆಸ್ಟ್ರೇಲಿಯಾಕ್ಕಷ್ಟೇ ಅಲ್ಲ, ಇಡೀ ಜಗತ್ತಿಗೆ. ಒಂದು ದೇಶದ ಮಂಡಳಿ ಕೆಮ್ಮಿದರೆ ಉಳಿದವರ ಔಷಧಿಯ ಹೆಸರೂ ಬದಲಾಗುತ್ತದೆ.

18+ ತರಲು ಎಲ್ಲ ರಾಜ್ಯಗಳ ಅಟಾರ್ನಿ ಜನರಲ್‌ಗಳೂ ಒಪ್ಪಬೇಕಿತ್ತು. ಸೌತ್ ಆಸ್ಟ್ರೇಲಿಯಾದ ಮೈಕಲ್ ಆಟ್ಕಿನ್ಸನ್ ಒಪ್ಪದೆ ವರ್ಷಗಟ್ಟಲೆ ತಡೆದರು. ಅವರು ಹುದ್ದೆಯಿಂದ ಇಳಿದದ್ದು 2010ರಲ್ಲಿ, ಹೊಸ ವರ್ಗ ಜಾರಿಯಾದದ್ದು 2013ರ ಜನವರಿ 1ರಂದು. ಅದೇ ವರ್ಷ ಸೇಂಟ್ಸ್ ರೋ 4 ಎಂಬ ಆಟ ತಿರಸ್ಕೃತವಾಯಿತು ಎನ್ನಿ, ಏಣಿ ಉದ್ದವಾಯಿತೇ ಹೊರತು ಕೊನೆ ಇಲ್ಲದ್ದಾಗಲಿಲ್ಲ. ಆದರೆ ತಿರಸ್ಕರಿಸಿದರೆ ಕಾರಣ ಹೇಳುತ್ತಾರೆ, ಮೇಲ್ಮನವಿಗೆ ಮಂಡಳಿ ಇದೆ. ಡಿಸ್ಕೋ ಎಲಿಸಿಯಮ್ ಆಟದ ಒಂದು ಆವೃತ್ತಿಯನ್ನು 2021ರ ಮಾರ್ಚಿನಲ್ಲಿ ಮಾದಕವಸ್ತುವಿನ ಕಾರಣಕ್ಕೆ ತಿರಸ್ಕರಿಸಿದರು. ಅದು ಅಮಲಿನ ಹಾನಿಯನ್ನೂ ತೋರಿಸುವ ಆಟ ಎಂದು ಒಪ್ಪಿ ಮೇಲ್ಮನವಿಯಲ್ಲಿ ಮೇ ತಿಂಗಳಿಗೆಲ್ಲ 18+ ಕೊಟ್ಟರು. ನಿಮ್ಮ ತಮ್ಮನಿಗೆ ಹೇಳಿ, ‘ಎಲ್ಲಕ್ಕೂ ಬ್ಯಾನ್’ ಎನ್ನುವ ಕಾಲ ಅಲ್ಲಿ ಕಳೆದಿದೆ.

ನಾವು ಮ್ಯೂನಿಕ್‌ನಲ್ಲಿದ್ದೇವೆ. ಇಲ್ಲಿನ ಅಂಕಿಗೂ ಊರಲ್ಲಿ ಅಣ್ಣನ ಮಗನ ಡಬ್ಬಿ ಮೇಲಿನ ಅಂಕಿಗೂ ತಾಳೆಯೇ ಆಗಲ್ಲ, ಯಾಕೆ?

ಜರ್ಮನಿ ಪೆಗಿಯೊಳಗಿಲ್ಲ. ಅಲ್ಲಿನದು ಯು.ಎಸ್.ಕೆ., ಅಂಕಿಗಳು 0, 6, 12, 16, 18. ಎರ್ಫರ್ಟ್ ಶಾಲೆಯ ಗುಂಡಿನ ದಾಳಿಯ ನಂತರ 2003ರಿಂದ ಅದಕ್ಕೆ ಕಾನೂನಿನ ಬಲ ಬಂತು. ಇ.ಎ. ಕಂಪನಿಯ ಫುಟ್‌ಬಾಲ್ ಆಟಕ್ಕೆ ಪೆಗಿ 3 ಎಂದರೆ ಯು.ಎಸ್.ಕೆ. 2023ರಲ್ಲಿ 12 ಎಂದಿತು. ಚೆಂಡು ಅದೇ, ಒಳಗಿನ ಖರೀದಿಯ ಒತ್ತಡವನ್ನೂ ಅಲ್ಲಿ ಲೆಕ್ಕಕ್ಕೆ ಹಿಡಿದರು.

ನಾಜಿ ಚಿಹ್ನೆಗಳ ಮೇಲಿನ ಕಾನೂನು ಇನ್ನೊಂದು. ಸಿನಿಮಾದಲ್ಲಿ ಸ್ವಸ್ತಿಕ ತೋರಿಸಬಹುದಿತ್ತು, ಆಟದಲ್ಲಿ ಆಗುತ್ತಿರಲಿಲ್ಲ. 2017ರ ವುಲ್ಫೆನ್‌ಸ್ಟೈನ್ ಆಟದ ಜರ್ಮನ್ ಆವೃತ್ತಿಯಲ್ಲಿ ಹಿಟ್ಲರನ ಮೀಸೆಯನ್ನೇ ಬೋಳಿಸಿದ್ದರು. 2018ರ ಆಗಸ್ಟಿನಿಂದ ಸಂದರ್ಭ ನೋಡಿ ಒಪ್ಪುವ ದಾರಿ ತೆರೆಯಿತು. 1994ರಲ್ಲಿ ಮಕ್ಕಳಿಗೆ ಹಾನಿಕರ ಎಂಬ ಪಟ್ಟಿ ಸೇರಿದ್ದ ಡೂಮ್ ಆಟ 2011ರಲ್ಲಿ ಹೊರಬಂತು. ಅಷ್ಟು ಹೊತ್ತಿಗೆ ಆ ಚೌಕ ಚೌಕ ರಾಕ್ಷಸರನ್ನು ನೋಡಿ ಹೆದರುವ ಮಕ್ಕಳೇ ಉಳಿದಿರಲಿಲ್ಲ.

ಚೀನಾ ಥರ ಟೈಮ್ ಫಿಕ್ಸ್ ಮಾಡಿಬಿಟ್ರೆ ಒಳ್ಳೇದಲ್ವಾ?

2021ರ ನಿಯಮದಂತೆ ಅಲ್ಲಿ 18ರೊಳಗಿನವರು ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜೆಯ ದಿನಗಳಲ್ಲಿ ರಾತ್ರಿ 8ರಿಂದ 9ರ ತನಕ ಮಾತ್ರ ಆನ್‌ಲೈನ್ ಆಟ ಆಡಬಹುದು. ಇದಕ್ಕೆ ಪ್ರತಿಯೊಬ್ಬನ ನಿಜವಾದ ಗುರುತು ಬೇಕು, ಕೆಲವೆಡೆ ಮುಖ ತೋರಿಸಬೇಕು. ಮಕ್ಕಳು ಅಜ್ಜ–ಅಜ್ಜಿಯ ಹೆಸರಲ್ಲಿ ಖಾತೆ ತೆರೆದರು. ದಕ್ಷಿಣ ಕೊರಿಯಾ 2011ರಲ್ಲಿ 16ರೊಳಗಿನವರಿಗೆ ಮಧ್ಯರಾತ್ರಿಯಿಂದ ಬೆಳಿಗ್ಗೆ 6ರ ತನಕ ಆಟ ಬಂದ್ ಮಾಡಿತ್ತು, ಹತ್ತು ವರ್ಷ ನಡೆಸಿ 2022ರ ಹೊಸ ವರ್ಷಕ್ಕೆ ಕೈಬಿಟ್ಟಿತು. ಮನೆಯ ರೂಟರ್ ಸ್ವಿಚ್ ಅಮ್ಮನ ಕೈಗೆ ಎಟುಕುವಷ್ಟು ಸುಲಭವಾಗಿ ದೆಹಲಿಯ ಕೈಗೆ ಎಟುಕುವುದಿಲ್ಲ, ಎಟುಕಬೇಕೆಂದೂ ನನಗನಿಸಿಲ್ಲ.

ಅಮೆರಿಕದಲ್ಲಿ ಸರ್ಕಾರ ಕೈ ಹಾಕೋದೇ ಇಲ್ವಾ?

ಹಾಕಲು ನೋಡಿ ಸೋತಿದೆ. 1993ರ ಡಿಸೆಂಬರಿನಲ್ಲಿ ಮಾರ್ಟಲ್ ಕಾಂಬ್ಯಾಟ್, ನೈಟ್ ಟ್ರ್ಯಾಪ್ ಆಟಗಳನ್ನಿಟ್ಟುಕೊಂಡು ಸೆನೆಟ್ ವಿಚಾರಣೆ ನಡೆಸಿತು. ಕಾನೂನು ಬರುವ ಮೊದಲೇ ಉದ್ಯಮ 1994ರಲ್ಲಿ ಇ.ಎಸ್.ಆರ್.ಬಿ. ಕಟ್ಟಿಕೊಂಡಿತು. ಹಿಂಸೆಯ ಆಟ ಚಿಕ್ಕವರಿಗೆ ಮಾರಬಾರದೆಂದು ಕ್ಯಾಲಿಫೋರ್ನಿಯಾ 2005ರಲ್ಲಿ ಮಾಡಿದ ಕಾನೂನನ್ನು ಸುಪ್ರೀಂ ಕೋರ್ಟು 2011ರಲ್ಲಿ 7–2ರಿಂದ ತಳ್ಳಿಹಾಕಿತು: ಪುಸ್ತಕಕ್ಕೆ ಇರುವ ಅಭಿವ್ಯಕ್ತಿ ಸ್ವಾತಂತ್ರ್ಯ ಆಟಕ್ಕೂ ಇದೆ. ಹಾಗೆಂದು ಮುದ್ರೆಗೆ ಹಲ್ಲಿಲ್ಲವೆಂದಲ್ಲ. 2005ರಲ್ಲಿ ಜಿಟಿಎ ಸ್ಯಾನ್ ಆ್ಯಂಡ್ರಿಯಾಸ್‌ನೊಳಗೆ ಬಚ್ಚಿಟ್ಟಿದ್ದ ಲೈಂಗಿಕ ದೃಶ್ಯ ಬಯಲಾಗಿ ‘ಎಂ’ ಹೋಗಿ ‘ಎ.ಓ.’ ಆದಾಗ ದೊಡ್ಡ ದೊಡ್ಡ ಅಂಗಡಿಗಳು ಅದನ್ನು ಕಪಾಟಿನಿಂದ ಇಳಿಸಿದವು.

## ಒಳಸುಳಿಗಳು

ಲೂಟ್ ಬಾಕ್ಸು ಜೂಜೇ ಅಲ್ವಾ? ಅದಕ್ಯಾಕೆ 18 ಹಾಕಲ್ಲ?

ದುಡ್ಡು ಕೊಟ್ಟು, ಒಳಗೇನಿದೆ ಗೊತ್ತಿಲ್ಲದ ಪೆಟ್ಟಿಗೆ ತೆರೆಯುವುದು. ಜಾತ್ರೆಯ ಚೀಟಿ ಎತ್ತುವ ಆಟದ ದೂರದ ನೆಂಟ. ಬೆಲ್ಜಿಯಂ 2018ರಲ್ಲಿ ಇದನ್ನು ಜೂಜೆಂದೇ ಹೇಳಿತು. ಆಸ್ಟ್ರೇಲಿಯಾ 2024ರ ಸೆಪ್ಟೆಂಬರಿನಿಂದ ಇಂಥ ಪೆಟ್ಟಿಗೆ ಇರುವ ಹೊಸ ಆಟಕ್ಕೆ ಕನಿಷ್ಠ ‘ಎಂ’, ಅಂದರೆ 15 ದಾಟಿದವರಿಗೆ ಎಂಬ ಸಲಹೆ, ಜೂಜಿನ ಅನುಕರಣೆಗೆ 18+ ಎಂದಿತು. ಪೆಗಿಯ ತಕ್ಕಡಿ ಮಾತ್ರ ವಿಚಿತ್ರವಾಗಿ ತೂಗಿತ್ತು. ಒಂದು ಪೈಸೆ ಬಾಜಿ ಇಲ್ಲದ, ಪೋಕರ್ ಎಲೆಗಳನ್ನಷ್ಟೇ ಬಳಸಿದ ಬಲಾಟ್ರೊಗೆ 18. ಪೆಟ್ಟಿಗೆ ಮಾರುವ ಇ.ಎ.ಯ ಫುಟ್‌ಬಾಲಿಗೆ 3. ಜಗಳವಾಡಿದ ಮೇಲೆ 2025ರ ಫೆಬ್ರುವರಿಯಲ್ಲಿ ಬಲಾಟ್ರೊ 12ಕ್ಕೆ ಇಳಿಯಿತು.

ಲಾ ಓದ್ತಿದ್ದೀನಿ. 69ಎ ಕೆಳಗೆ ಆಟ ಮುಚ್ಚಿಸಿದ್ರೆ ಆಟಗಾರ ಆದೇಶ ಕೇಳಿ ಓದಬಹುದಾ?

ಈ ಕಲಮಿನ ಕೆಳಗೆ ಮಾಡಿದ 2009ರ ನಿಯಮಗಳಲ್ಲಿ 16ನೆಯದು ದೂರು, ಕ್ರಮ ಎರಡನ್ನೂ ಗುಟ್ಟಾಗಿಡಬೇಕೆನ್ನುತ್ತದೆ. ಪತ್ರಿಕಾ ಪ್ರಕಟಣೆಯಲ್ಲಿ ಬಂದಷ್ಟೇ ನಮಗೆ ದಕ್ಕುವುದು. ಸುಪ್ರೀಂ ಕೋರ್ಟಿನ 2015ರ ಶ್ರೇಯಾ ಸಿಂಘಾಲ್ ತೀರ್ಪು 69ಎಯನ್ನು ಉಳಿಸಿದ್ದು, ಕಾರಣವನ್ನು ಲಿಖಿತವಾಗಿ ದಾಖಲಿಸಬೇಕು, ಕೋರ್ಟಿಗೆ ರಿಟ್ ಅರ್ಜಿ ಹಾಕಲು ಅವಕಾಶವಿದೆ ಎಂಬ ಆಧಾರದ ಮೇಲೆ. ಗುಟ್ಟಾಗಿಟ್ಟ ಕಾರಣವನ್ನು ಹೇಗೆ ಪ್ರಶ್ನಿಸುವುದು ಎನ್ನುವುದೇ ಗಂಟು. ಟ್ವಿಟರ್ ಇದೇ ಕಲಮಿನ ಆದೇಶಗಳ ವಿರುದ್ಧ ಕರ್ನಾಟಕ ಹೈಕೋರ್ಟಿಗೆ ಬಂದು 2023ರ ಜೂನ್ 30ರಂದು ಸೋತಿತು, ಮೇಲೆ 50 ಲಕ್ಷ ರೂಪಾಯಿ ದಂಡ. ತೀರ್ಪು ಕೊಟ್ಟ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರು, ರಮ್ಮಿ ತಿದ್ದುಪಡಿ ರದ್ದು ಮಾಡಿದ ಪೀಠದಲ್ಲೂ ಇದ್ದರು. ಎರಡನ್ನೂ ಒಟ್ಟಿಗಿಟ್ಟು ಓದಿ. ನನ್ನ ಮಟ್ಟಿಗೆ ಹೇಳುವುದಾದರೆ, ಮುಲಾಜಿಲ್ಲದೆ ತಿರಸ್ಕರಿಸಿ ಕಾರಣ ಹೇಳುವ ಆಸ್ಟ್ರೇಲಿಯಾದ ಮಂಡಳಿ, ಒಂದು ಬೆಳಿಗ್ಗೆ ಸದ್ದಿಲ್ಲದೆ ಆಟ ಮಾಯವಾಗುವ ನಮ್ಮ ಪದ್ಧತಿಗಿಂತ ವಾಸಿ.

ಮಂಗಳೂರಲ್ಲಿ ಮೂರು ಜನ ಸೇರಿ ತುಳುನಾಡಿನ ಆಟ ಮಾಡ್ತಿದ್ದೇವೆ. ದೈವ ಇದೆ, ಕೋಳಿ ಅಂಕವೂ ಇದೆ. ರೇಟಿಂಗಿಗೆ ಎಲ್ಲಿಗೆ ಹೋಗ್ಬೇಕು?

ಮೊಬೈಲಿಗಾದರೆ ಪ್ಲೇ ಕನ್ಸೋಲಿನಲ್ಲೇ ಐ.ಎ.ಆರ್.ಸಿ. ಪ್ರಶ್ನಾವಳಿ ತುಂಬಿ, ಖರ್ಚಿಲ್ಲ. ನಿಂಟೆಂಡೊ, ಎಕ್ಸ್‌ಬಾಕ್ಸ್‌ಗಳ ಡಿಜಿಟಲ್ ಅಂಗಡಿಯಲ್ಲೂ ಅದೇ ನಡೆಯುತ್ತದೆ. ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್‌ಗೆ ಅದರದ್ದೇ ಪ್ರಶ್ನೆಗಳಿವೆ. ತುಂಬದಿದ್ದರೆ 2024ರ ನವೆಂಬರಿನಿಂದ ಜರ್ಮನಿಯಲ್ಲಿ ಆಟ ಕಾಣಿಸುವುದೇ ಇಲ್ಲ. ಡಿಸ್ಕ್ ಮಾಡಿ ಮಾರುವುದಿದ್ದರೆ ಆಯಾ ಮಂಡಳಿಗೆ ಹಣ ಕಟ್ಟಬೇಕು. ಅಪ್‌ಡೇಟಿನಲ್ಲಿ ಹೊಸ ದೃಶ್ಯ ಸೇರಿಸಿದರೆ ಪ್ರಶ್ನಾವಳಿ ಮತ್ತೆ ತುಂಬಿ.

ದೈವದ ಬಗ್ಗೆ ಆ ಫಾರಂ ಏನೂ ಕೇಳುವುದಿಲ್ಲ. ಆದರೆ ಧಾರ್ಮಿಕ ಭಾವನೆ ಕೆರಳಿಸುವುದರ ಮೇಲೆ ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಮು ಇದೆ, ಹಳೆಯ 295ಎ. ಅದಕ್ಕಿಂತ ಮೊದಲು, ದೈವ ಕಟ್ಟುವ ಮನೆತನದವರ ಹತ್ತಿರ ಕೂತು ಯಾವುದನ್ನು ತೋರಿಸಬಹುದು ಎಂದು ಕೇಳಿ.

ತೊಂದರೆ ಕೊಡುವುದು ಕೋಳಿ ಅಂಕ, ಅಂದರೆ ಕೋಳಿ ಕಾಳಗ. ಆಟದೊಳಗಿನ ನಾಣ್ಯದಲ್ಲೇ ಬಾಜಿ ಕಟ್ಟಿಸಿದರೂ ‘ಜೂಜು’ ಎಂಬ ಕಾಲಮಿಗೆ ಹೌದು ಎಂದು ಟಿಕ್ ಹಾಕಬೇಕಾಗುತ್ತದೆ, ಆಸ್ಟ್ರೇಲಿಯಾದಲ್ಲಿ 18ರ ತನಕ ಹೋಗಬಹುದು. ಬಾಜಿ ತೆಗೆದು ಕೋಳಿಯನ್ನಷ್ಟೇ ಉಳಿಸಿದರೆ ಮುಂದಿನ ಪುಟದಲ್ಲಿ ರಕ್ತದ ಪ್ರಶ್ನೆ ಇದೆ.